ಇಡ್ಲಿ ಬೇಯಲು ಬಟ್ಟೆಯೇ ಇರಲಿ

ರಾಜ್ಯದ 251 ಕಡೆ ಇಡ್ಲಿ ಪರಿಶೀಲಿಸಿದ ಆಹಾರ ಸುರಕ್ಷತಾ ಅಧಿಕಾರಿಗಳಿಗೆ 52 ಕಡೆ ಬಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇದನ್ನು ತಿಳಿಸಿ, ಇಂಥ ಬಳಕೆಗೆ ನಿಷೇಧ ಘೋಷಿಸಿದರು.

ಆದರೆ ಅಪಾಯ ಇಡ್ಲಿ ಪಾತ್ರೆಯಲ್ಲೇ ಮುಗಿಯುವುದಿಲ್ಲ. ಪ್ಲಾಸ್ಟಿಕ್‌ನಿಂದ ರಾಸಾಯನಿಕಗಳು ಆಹಾರಕ್ಕೆ ಇಳಿಯಲು ಬಿಸಿ, ಎಣ್ಣೆ, ಹುಳಿ ದಾರಿ ಮಾಡಿಕೊಡುತ್ತವೆ. ತೆಳು ಕವರಿಗೆ ಸುರಿದ ಕುದಿಯುವ ಸಾಂಬಾರಿನಲ್ಲಿ ಮೂರೂ ಇವೆ! ಆಹಾರದ ಪ್ಲಾಸ್ಟಿಕ್‌ನಿಂದ ಕಿಲೋಗೆ 60 ಮಿಲಿಗ್ರಾಂಗಿಂತ ಹೆಚ್ಚು ವಸ್ತು ಆಹಾರ ಸೇರಬಾರದೆಂಬ ಮಿತಿಯೇನೋ ಇದೆ. ಗುರುತಿಲ್ಲದ ಅಗ್ಗದ ಕವರು ಆ ಪರೀಕ್ಷೆ ದಾಟಿದೆಯೆಂದು ನಂಬಲು ಗಿರಾಕಿಗೆ ಆಧಾರವೇ ಇಲ್ಲ.

ಬೋಂಡಾ ಸುತ್ತುವ ಹಳೇ ಪೇಪರಿಗೂ 2018ರ ಪ್ಯಾಕೇಜಿಂಗ್ ನಿಯಮ ತಡೆ ಹಾಕಿದೆ. ಮುದ್ರಣದ ಶಾಯಿ ಎಣ್ಣೆಗೆ ಬೇಗ ಅಂಟುತ್ತದೆ.

ನೆಲಮಂಗಲದ ಹೆದ್ದಾರಿಯಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣದ ದಾರಿಯಲ್ಲಿ, ಹೊಸಕೋಟೆಯಲ್ಲಿ ಬೆಳಗಿನ ಪಾರ್ಸೆಲ್ ದುಡಿಯುವವರ ಊಟ. ಅವರ ಆರೋಗ್ಯ ಯಾರಿಗೂ ಗೌಣವಾಗಬಾರದು. ಮಗ್ಗಗಳ ಊರು ದೊಡ್ಡಬಳ್ಳಾಪುರವಿರುವ ಜಿಲ್ಲೆಯಲ್ಲಿ ಶುಭ್ರ ಹತ್ತಿಬಟ್ಟೆ ಒದಗಿಸುವುದು ಕಷ್ಟವಲ್ಲ, ಬಾಳೆಎಲೆಯೂ ಸಿಗುತ್ತದೆ. ಅಧಿಕಾರಿಗಳು ಅಡುಗೆಮನೆಯಷ್ಟೇ ಗಂಭೀರವಾಗಿ ಪಾರ್ಸೆಲ್ ಕೌಂಟರನ್ನೂ ತಪಾಸಣೆ ಮಾಡಬೇಕು, ಕವರು ಮಾರುವ ಸಗಟು ಅಂಗಡಿಗಳಿಂದಲೇ ಶುರುಮಾಡಬೇಕು. ಸ್ಟೀಲ್ ಡಬ್ಬಿ ತರುವ ಗಿರಾಕಿಗೆ ಹೋಟೆಲಿನವರು ಒಂದೆರಡು ರೂಪಾಯಿ ಕಡಿಮೆ ಮಾಡಲಿ.