ಪದಕ್ಕೆ ಐದು ಪೈಸೆ

ಕಳೆದ ತಿಂಗಳು ಪೋರೂರು ಜಂಕ್ಷನ್ ಹತ್ತಿರದ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ನೋಡುತ್ತ ನಿಂತಿದ್ದೆ. ಅಂಗಡಿಯ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಗೇಮಿಂಗಾ ಮೇಡಂ, ಆಫೀಸಾ?" ಅನುವಾದದ ಕೆಲಸ, ಮನೆಯಿಂದಲೇ ಮಾಡುವುದು ಎಂದೆ. ನನ್ನ ತಮಿಳಿನಲ್ಲೇ ಏನೋ ತಪ್ಪಿದೆ ಎನ್ನುವ ಹಾಗೆ ಒಂದು ಕ್ಷಣ ಮುಖ ನೋಡಿ, 16 ಜಿಬಿ ರ‍್ಯಾಮ್ ಇರುವ ಒಂದನ್ನು ಮುಂದಿಟ್ಟ. ಬೆಲೆ 60,000.

ನನ್ನ ಹಳೆಯ ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. 2017ರಲ್ಲಿ ಕೊಂಡಿದ್ದು. ಕೀಲಿಗಳ ಮೇಲಿನ ಇಂಗ್ಲಿಷ್ ಅಕ್ಷರ ಸವೆದುಹೋಗಿವೆ, ಅಷ್ಟೆ. ಆದರೆ ವಿಂಡೋಸ್ 10ಕ್ಕೆ ಇದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಯಂತ್ರದ ಪ್ರೊಸೆಸರ್ ಏಳನೆಯ ತಲೆಮಾರಿನದು. ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿ ಅದಿಲ್ಲ. ನಾನು ಕೆಲಸ ಪಡೆಯುವ ಒಂದು ಏಜೆನ್ಸಿಯಿಂದ ಮೇಲ್ ಬಂತು: ಹಳೆಯ ವ್ಯವಸ್ಥೆಯಲ್ಲಿರುವವರಿಗೆ ಇನ್ನು ಮುಂದೆ ಕೆಲಸ ಕಳಿಸುವುದಿಲ್ಲ. ಕೆಳಗೆ ಬೇಕಾದ ಯಂತ್ರದ ವಿವರ: ಇಂಥ ಪ್ರೊಸೆಸರ್, ಇಷ್ಟು ರ‍್ಯಾಮ್, ಇಂಥ ಸಾಫ್ಟ್‌ವೇರ್. ದುಡ್ಡಿನ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಮನೆಯಿಂದ ಕೆಲಸ ಮಾಡಲು ಯಾವ ಲ್ಯಾಪ್‌ಟಾಪ್ ಒಳ್ಳೆಯದು ಎಂದು ಹುಡುಕಿದರೆ ಸಲಹೆಗೆ ಬರವಿಲ್ಲ. ಎಲ್ಲವೂ ಶುರುವಾಗುವುದು ಒಂದೇ ಮಾತಿನಿಂದ: ಮೊದಲು ನಿಮ್ಮ ಅಗತ್ಯ ಏನೆಂದು ತಿಳಿದುಕೊಳ್ಳಿ. ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆಯೇ. ಯಾರ ಅಗತ್ಯ?

ಕನ್ನಡದ ಅಗತ್ಯ ಎಷ್ಟೆಂದು ಲೆಕ್ಕ ಹಾಕೋಣ. "ಕನ್ನಡ" ಎಂಬ ಪದದಲ್ಲಿ ಯೂನಿಕೋಡ್ ಪ್ರಕಾರ ಐದು ಸಂಕೇತಗಳಿವೆ: ಕ, ನ, ಹಲಂತ, ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಪದಕ್ಕೆ ಸರಾಸರಿ ಎಂಟು ಸಂಕೇತ ಎಂದಿಟ್ಟುಕೊಂಡರೂ 80,000 ಪದಗಳ ಇಡೀ ಕಾದಂಬರಿ ಸುಮಾರು ಎರಡು ಎಂಬಿಯಲ್ಲಿ ಮುಗಿಯುತ್ತದೆ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರಬಹುದು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಕಾಸು ಕೊಡಬೇಕಿಲ್ಲ, ಲಿನಕ್ಸಿನಲ್ಲಿ ಅದು ಮೊದಲೇ ಇರುತ್ತದೆ. ಅನುವಾದದ ನೆನಪುಗಳನ್ನು ಜೋಡಿಸಿಡಲು ಒಮೇಗಾಟಿ ಎಂಬ ಉಚಿತ ತಂತ್ರಾಂಶವಿದೆ. ನನ್ನ ಭಾಷೆಗೆ, ನನ್ನ ಕಸುಬಿಗೆ, ಹಳೆಯ ಯಂತ್ರ ಧಾರಾಳವಾಗಿ ಸಾಕು.

ಹಾಗಾದರೆ 16 ಜಿಬಿ ಯಾರಿಗೆ ಬೇಕು? ಗಿರಾಕಿಗೆ. ವಿಂಡೋಸಿನಲ್ಲಿ ಮಾತ್ರ ಓಡುವ ಅವರ ಸಾಫ್ಟ್‌ವೇರಿಗೆ, ಅದರೊಳಗಿನ ಲಕ್ಷಗಟ್ಟಲೆ ವಾಕ್ಯಗಳ ಕಡತಕ್ಕೆ, ಸದಾ ತೆರೆದಿರಬೇಕಾದ ಪೋರ್ಟಲ್ಲಿಗೆ, ವಿಡಿಯೋ ಮೀಟಿಂಗಿಗೆ. ಯಂತ್ರದ ಮೇಲೆ ಬೀಳುವ ಭಾರ ಅವರದು, ಯಂತ್ರ ಮಾತ್ರ ನನ್ನದು.

"ಬಡಗಿ ತನ್ನ ಉಳಿ ತಾನೇ ತರುವುದಿಲ್ಲವೇ? ದರ್ಜಿ ಹೊಲಿಗೆ ಯಂತ್ರವನ್ನು ಗಿರಾಕಿಯ ಹತ್ತಿರ ಕೇಳುತ್ತಾನೆಯೇ? ಫ್ರೀಲಾನ್ಸ್ ಅಂದಮೇಲೆ ನೀವೂ ವ್ಯಾಪಾರಸ್ಥರೇ" ಎನ್ನುವವರಿದ್ದಾರೆ. ಮಾತು ಸರಿ. ಆದರೆ ಬಡಗಿಗೆ ಯಾವ ಉಳಿ ಎಂದು ಮನೆಯೊಡೆಯ ಹೇಳುವುದಿಲ್ಲ. ಬಡಗಿ ತನ್ನ ಕೂಲಿಯನ್ನು ತಾನು ಹೇಳುತ್ತಾನೆ, ಉಳಿಯ ಸವೆತವೂ ಅದರಲ್ಲಿ ಸೇರಿರುತ್ತದೆ. ಇಲ್ಲಿ ಉಳಿ ಯಾವುದೆಂದು ಹೇಳುವವರೂ ಅವರೇ, ಕೂಲಿ ಎಷ್ಟೆಂದು ಹೇಳುವವರೂ ಅವರೇ.

ಇನ್ನೂ ಒಂದಿದೆ. ನಾನು ಕೊಂಡ ಯಂತ್ರದಲ್ಲಿ ಓಡುವ ಆ ಸಾಫ್ಟ್‌ವೇರು, ಕೊಟ್ಟ ಪಠ್ಯವನ್ನು ಹಿಂದೆ ಅನುವಾದವಾದ ವಾಕ್ಯಗಳ ಜೊತೆ ಹೋಲಿಸುತ್ತದೆ. ಹೋಲಿಕೆ ಹೆಚ್ಚಿದಷ್ಟೂ ದರ ಕಡಿಮೆ. ಪೂರ್ತಿ ಹೊಂದಿದರೆ ಪುಡಿಗಾಸು, ಕೆಲವೊಮ್ಮೆ ಅದೂ ಇಲ್ಲ. ಇಂಗ್ಲಿಷಿನಲ್ಲಿ "ಸೆಲೆಕ್ಟ್ ಆಲ್" ಎಂದು ಎರಡು ಕಡೆ ಬಂದರೆ ಯಂತ್ರದ ಲೆಕ್ಕದಲ್ಲಿ ನೂರಕ್ಕೆ ನೂರು ಒಂದೇ. ಕನ್ನಡದಲ್ಲಿ ಕಡತಗಳಾದರೆ "ಎಲ್ಲವನ್ನೂ ಆಯ್ಕೆಮಾಡಿ", ಜನರಾದರೆ "ಎಲ್ಲರನ್ನೂ ಆಯ್ಕೆಮಾಡಿ". ಇದನ್ನು ಗಮನಿಸಿ ತಿದ್ದುವುದೇ ನನ್ನ ಕೆಲಸ, ಸಂಬಳ ಕತ್ತರಿಯಾಗುವುದೂ ಅಲ್ಲೇ. ನನ್ನ ಕೂಲಿ ಕತ್ತರಿಸುವ ಕತ್ತರಿಯನ್ನು ನಾನೇ ಕಂತಿನಲ್ಲಿ ಕೊಳ್ಳುತ್ತಿದ್ದೇನೆ.

ಮೌಂಟ್–ಪೂನಮಲ್ಲಿ ರಸ್ತೆಯ ಐಟಿ ಪಾರ್ಕುಗಳಿಂದ ಸಂಜೆ ಹೊರಬರುವವರ ಬೆನ್ನ ಮೇಲೂ ಲ್ಯಾಪ್‌ಟಾಪ್ ಇರುತ್ತದೆ, ಆದರೆ ಕಂಪನಿಯದು. ಕಂಪನಿ ಅದನ್ನು ಕೊಳ್ಳುವಾಗ ಕೊಟ್ಟ 18% ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತದೆ. ವರ್ಷಕ್ಕೆ 20 ಲಕ್ಷದ ವಹಿವಾಟು ಕನಸಿನಲ್ಲೂ ಕಾಣದ, ಜಿಎಸ್‌ಟಿ ನೋಂದಣಿಯಿಲ್ಲದ ನನಗೆ ಆ ವಜಾ ಇಲ್ಲ. 60,000ದಲ್ಲಿ ಸುಮಾರು 9,150 ರೂಪಾಯಿ ಬರೀ ತೆರಿಗೆ. ದೊಡ್ಡವರಿಗೆ ವಾಪಸು ಸಿಗುವ ದುಡ್ಡು, ಚಿಕ್ಕವರ ಕೈಯಿಂದ ಹೋದದ್ದು ಹೋಯಿತು.

ಓದಿಗೆ ಲ್ಯಾಪ್‌ಟಾಪ್ ಬೇಕು ಎಂದಾದರೆ ಅದನ್ನು ಕೊಡಬೇಕಾದವರು ಯಾರು ಎಂಬ ಪ್ರಶ್ನೆಗೆ ತಮಿಳುನಾಡು 2011ರಲ್ಲೇ ತನ್ನದೊಂದು ಉತ್ತರ ಕೊಟ್ಟಿತ್ತು. ಆ ಸೆಪ್ಟೆಂಬರಿನಿಂದ ಸರ್ಕಾರಿ ಮತ್ತು ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಲಾಯಿತು. ಓಟಿಗಾಗಿ ಎಂದು ಬೈದವರಿದ್ದರು. ಬೈಯಲಿ. ಆದರೆ ಹಂಚಿಕೆಯ ಹಿಂದಿದ್ದ ತರ್ಕ ಸರಳ: ಬೇಕೆಂದು ಹೇಳುವವರಿಗೆ ಖರ್ಚಿನಲ್ಲೂ ಪಾಲಿದೆ. ಕೆಲಸ ಕೊಡುವವರಿಗೆ ಮಾತ್ರ ಈ ತರ್ಕ ಏಕೆ ಅನ್ವಯಿಸಬಾರದು?

ಲ್ಯಾಪ್‌ಟಾಪ್ ಆರಿಸಲು ಹೊರಟವರಿಗೆ ನನ್ನ ಸಲಹೆ ಇಷ್ಟು. ಅಂಗಡಿಗೆ ಹೋಗುವ ಮೊದಲು ಎರಡು ಪಟ್ಟಿ ಮಾಡಿ: ನಿಮ್ಮ ಕೆಲಸಕ್ಕೆ ಬೇಕಾದದ್ದು, ಕೆಲಸ ಕೊಡುವವರಿಗೆ ಬೇಕಾದದ್ದು. ಮೊದಲ ಪಟ್ಟಿಯಲ್ಲಿ ಬೆರಳಿಗೆ ಹಿತವಾದ ಕೀಲಿಮಣೆ, ಒತ್ತಕ್ಷರ ಸ್ಪಷ್ಟವಾಗಿ ಕಾಣುವ ಪರದೆ, ಕರೆಂಟು ಹೋದಾಗ ನಾಲ್ಕು ಗಂಟೆ ಬಾಳುವ ಬ್ಯಾಟರಿ ಇರಲಿ. ಹೊಸದೇ ಆಗಬೇಕೆಂದಿಲ್ಲ. ಕಂಪನಿಗಳು ಬಳಸಿ ಬಿಟ್ಟ, ಬಿಚ್ಚಿ ರ‍್ಯಾಮ್ ಸೇರಿಸಬಹುದಾದ ಗಟ್ಟಿ ಮಾದರಿಗಳು ಸೆಕೆಂಡ್ ಹ್ಯಾಂಡಿನಲ್ಲಿ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಪ್ರೊಸೆಸರ್ ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದೇ ಎಂದು ನೋಡಿಕೊಳ್ಳಿ. ಚೆನ್ನೈಯಲ್ಲಿರುವವರಿಗೆ ರಿಚ್ಚಿ ಸ್ಟ್ರೀಟ್ ಇದೆ. ನಾನೂ ಕೊನೆಗೆ ಅಲ್ಲಿಗೇ ಹೋದೆ.

ಎರಡನೆಯ ಪಟ್ಟಿಗೆ ಬೆಲೆ ಕಟ್ಟಿ. ಏಜೆನ್ಸಿ ಕೇಳಿದ 60,000ದ ಯಂತ್ರ ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 1,250 ರೂಪಾಯಿ. ತಿಂಗಳಿಗೆ 25,000 ಪದ ಅನುವಾದಿಸುವವರಿಗೆ ಅದು ಪದಕ್ಕೆ ಐದು ಪೈಸೆ. ಇಷ್ಟೇ. ಈ ಐದು ಪೈಸೆಯನ್ನು "ಯಂತ್ರ ವೆಚ್ಚ" ಎಂದು ಬೇರೆ ಸಾಲಿನಲ್ಲಿ ಬಿಲ್ಲಿಗೆ ಸೇರಿಸಿ. ದರದೊಳಗೆ ಅಡಗಿಸಬೇಡಿ. ಅಡಗಿಸಿದರೆ ಮುಂದಿನ ಚೌಕಾಸಿಯಲ್ಲಿ ಮೊದಲು ಹೋಗುವುದೇ ಅದು.

ನಾನು ಸೇರಿಸಿ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ನಮ್ಮ ಬಿಲ್ಲಿನ ನಮೂನೆಯಲ್ಲಿ ಅಂಥ ಕಾಲಂ ಇಲ್ಲ.

ಇಲ್ಲ ಎಂದು ನನಗೂ ಗೊತ್ತಿತ್ತು. ಒಬ್ಬಳು ಕೇಳಿದರೆ ಕಾಲಂ ಹುಟ್ಟುವುದಿಲ್ಲ. ಈ ಪತ್ರ ಓದುತ್ತಿರುವವರಲ್ಲಿ ಅನುವಾದಕರು, ಡಿಟಿಪಿ ಮಾಡುವವರು, ಮನೆಯಿಂದಲೇ ಪಾಠ ಹೇಳುವವರು, ಧ್ವನಿ ಕೇಳಿ ಬರೆದುಕೊಡುವವರು ಇದ್ದೀರಿ. ಮುಂದಿನ ಬಿಲ್ಲಿನಲ್ಲಿ ನೀವೂ ಆ ಸಾಲು ಸೇರಿಸಿ. ನಾನು ಈ ತಿಂಗಳೂ ಸೇರಿಸುತ್ತೇನೆ.