ನೆಲದ ಮಾತು, ನೀರಿನ ದಾರಿ

ಭೂಗೋಳವೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಕಂಠಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆಯತಕ್ಕ ವಿಷಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆರೋಗ್ಯದ ಲೇಖನಗಳಿಗೆ ಆದ್ಯತೆಯಿರುವ ಈ ಸ್ಮರಣ ಸಂಚಿಕೆಯಲ್ಲಿ ಭೂಗೋಳದ ಪರಿಭಾಷೆಯನ್ನು ಕುರಿತು ಬರೆಯಲು ಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಾವು ಕುಡಿಯುವ ನೀರು, ಕಟ್ಟುವ ಮನೆ, ತಗಲುವ ರೋಗ ಇವೆಲ್ಲಕ್ಕೂ ಆ ಕೆಲವೇ ಶಬ್ದಗಳಿಗೂ ನಿಕಟವಾದ ಸಂಬಂಧವಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನದಿ, ಉಪನದಿ, ಜಲಾನಯನ, ಪ್ರಸ್ಥಭೂಮಿಗಳ ವ್ಯಾಖ್ಯೆಗಳನ್ನು ಇಂಗ್ಲಿಷಿನಲ್ಲಿ ಒಂದಕ್ಷರವೂ ತಪ್ಪದಂತೆ ಒಪ್ಪಿಸಿದ. ನಾನು ಮೆಚ್ಚಿ, "ಹಾಗಾದರೆ ನಮ್ಮ ನಿಗಡಿಯಲ್ಲಿ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದಪ್ಪಾ?" ಎಂದು ಕೇಳಿದೆ. "ಗಟಾರಕ್ಕೆ ಹೋಗ್ತದ, ಕಾಕಾ" ಎಂದ. ಎಲ್ಲರೂ ನಕ್ಕೆವು. ಆದರೆ ಆಮೇಲೆ ಯೋಚಿಸಿದಾಗ, ತಪ್ಪು ಆ ಹುಡುಗನದಲ್ಲ. ಶಬ್ದವನ್ನು ಕಲಿಸಿ ನೆಲವನ್ನು ತೋರಿಸದ ನಮ್ಮದು ಎನಿಸಿತು.

ನಿಗಡಿಯಲ್ಲಿ ನಿಂತು ಕಲಿಯಬಹುದಾದ ಭೂಗೋಳ ಎಷ್ಟಿದೆ ನೋಡಿ. ನಮ್ಮ ಉತ್ತರಕ್ಕೆ ಇಂದ್ರಾಯಣಿ, ದಕ್ಷಿಣಕ್ಕೆ ಪವನಾ. ಎರಡು ನದಿಗಳ ನಡುವಿನ ಎತ್ತರದ ನೆಲದ ಮೇಲೆ ನಾವು ಮನೆ ಮಾಡಿಕೊಂಡಿದ್ದೇವೆ. ಉತ್ತರದ ಇಳಿಜಾರಿನಲ್ಲಿ ಬಿದ್ದ ಹನಿ ಇಂದ್ರಾಯಣಿಗೂ ದಕ್ಷಿಣದ ಇಳಿಜಾರಿನಲ್ಲಿ ಬಿದ್ದ ಹನಿ ಪವನೆಗೂ ಹರಿಯುತ್ತದೆ. ಹೀಗೆ ನೀರನ್ನು ಎರಡು ಕಡೆಗೆ ಹಂಚುವ ಏರುನೆಲವೇ ಜಲವಿಭಾಜಕ. ಒಂದು ನದಿಗೆ ಯಾವ ಯಾವ ನೆಲದಿಂದ ನೀರು ಬಂದು ಸೇರುತ್ತದೆಯೋ ಆ ನೆಲವೆಲ್ಲವೂ ಅದರ ಜಲಾನಯನ ಪ್ರದೇಶ. ಪವನೆಯು ದಾಪೋಡಿಯ ಬಳಿ ಮುಳೆಯನ್ನು ಸೇರುತ್ತದೆ. ಮುಳೆ ಪುಣೆಯಲ್ಲಿ ಮುಠೆಯೊಡನೆ ಕೂಡಿ ಮುಂದೆ ಭೀಮೆಗೆ ಹೋಗುತ್ತದೆ. ಇಂದ್ರಾಯಣಿಯು ದೇಹೂ, ಆಳಂದಿಗಳನ್ನು ದಾಟಿ ತುಳಾಪುರದಲ್ಲಿ ಅದೇ ಭೀಮೆಯನ್ನು ಸೇರುತ್ತದೆ. ಇವೆಲ್ಲವೂ ಭೀಮೆಗೆ ನೀರು ತರುವ ನದಿಗಳು. ಸ್ವತಃ ಭೀಮೆ ಕೃಷ್ಣೆಯ ಉಪನದಿ.

ಈ ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಬಳಿಕ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ನೆಲವನ್ನು ತೋಯಿಸಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಗಾಣಗಾಪುರದ ಸಂಗಮದಲ್ಲಿ ಮೀಯುವ ನಮ್ಮ ಬಂಧುಗಳ ಮೈಗೆ ತಗಲುವ ನೀರಿನಲ್ಲಿ ನಿಗಡಿಯ ಮಳೆಯ ಪಾಲೂ ಉಂಟು, ನಿಗಡಿಯ ಕೊಳೆಯ ಪಾಲೂ ಉಂಟು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಭಾಗದ ಹಳ್ಳಿಗಳು ಮುಳುಗಿದಾಗ, ಇಲ್ಲಿಂದ ಊರಿಗೆ ಫೋನು ಮಾಡಿ ಕ್ಷೇಮ ವಿಚಾರಿಸಿದ ನಮ್ಮಲ್ಲಿ ಎಷ್ಟು ಮಂದಿಗೆ ಆ ನೀರು ನಮ್ಮ ಮೇಲಣ ಘಟ್ಟದ ಕಡೆಯಿಂದಲೂ ಹೋದದ್ದೆಂಬ ಅರಿವಿತ್ತು? ಪರವೂರಿನಲ್ಲಿದ್ದೇವೆಂದು ಕೊರಗುವ ನಾವು ತವರಿನ ನೀರಿನ ಮೇಲುದಂಡೆಯಲ್ಲಿಯೇ ಇದ್ದೇವೆ; ಅಂತೆಯೇ ಅದರ ಹೊಣೆಯೂ ನಮ್ಮದು.

ಇನ್ನು ಮಳೆನೆರಳೆಂಬ ಶಬ್ದ. ಅರಬ್ಬೀ ಸಮುದ್ರದ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿದು ಮಳೆಯಾಗುತ್ತದೆ. ಘಟ್ಟವನ್ನು ದಾಟಿ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಆದುದರಿಂದಲೇ ಲೋಣಾವಳೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೆ ಪುಣೆಯಲ್ಲಿ ಬೀಳುವುದು ಸುಮಾರು 700 ಮಿಲಿಮೀಟರು ಮಾತ್ರ. ನಮ್ಮ ನಲ್ಲಿಯ ನೀರು ನಮ್ಮ ಆಕಾಶದ್ದಲ್ಲ. ಮಾವಳದ ಗುಡ್ಡಗಳಲ್ಲಿ ಸುರಿದು ಪವನಾ ಅಣೆಕಟ್ಟಿನಲ್ಲಿ ನಿಂತು, ರಾವೇತದಲ್ಲಿ ಎತ್ತಲ್ಪಟ್ಟು, ನಿಗಡಿಯ ಶುದ್ಧೀಕರಣ ಕೇಂದ್ರವನ್ನು ಹಾದು ಬಂದದ್ದು. ಇದನ್ನು ಬಲ್ಲ ಗೃಹಿಣಿ ನಲ್ಲಿಯನ್ನು ತೆರೆದಿಟ್ಟು ಮಾತಿಗೆ ನಿಲ್ಲಲಾರಳು. ಗೃಹಸ್ಥನೂ ಅದೇ ನೀರಿನಿಂದ ಮೋಟಾರನ್ನು ತೊಳೆಯಲಾರನು.

ಕಾಲಡಿಯ ಕರಿಗಲ್ಲು ಬಸಾಲ್ಟು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರಪದರವಾಗಿ ಗಟ್ಟಿಯಾದದ್ದು. ವಿಜಯಪುರ, ಬೀದರ, ಕಲಬುರಗಿಗಳ ಎರೆಮಣ್ಣು ಬಹುಮಟ್ಟಿಗೆ ಇದೇ ಶಿಲೆ ಸವೆದು ಆದದ್ದು. ಮರಳುನೆಲದಂತೆ ಈ ಗಟ್ಟಿಶಿಲೆ ನೀರನ್ನು ಹೀರದು. ಬಿರುಕುಗಳಲ್ಲಿಯೂ ಸವೆದ ಪದರಗಳಲ್ಲಿಯೂ ಮಾತ್ರ ಅಂತರ್ಜಲ ನಿಲ್ಲುತ್ತದೆ. ಸೊಸಾಯಿಟಿಗೊಂದರಂತೆ ಕೊಳವೆಬಾವಿ ಕೊರೆದರೆ ಅದು ಬೇಗನೆ ಬರಿದಾಗುವುದೂ, ಬಿರುಕಿನ ಮೂಲಕ ಇಳಿದ ಹೊಲಸು ಅದರಲ್ಲಿ ಬೆರೆಯುವುದೂ ಆಶ್ಚರ್ಯವಲ್ಲ. 2025ರ ಆರಂಭದಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಯಾನ್-ಬಾರೆ ಎಂಬ ನರರೋಗ ಕಾಣಿಸಿಕೊಂಡಾಗ ತಜ್ಞರ ದೃಷ್ಟಿ ಮೊದಲು ಹರಿದದ್ದು ಕುಡಿಯುವ ನೀರಿನ ಕಡೆಗೇ ಎಂಬುದನ್ನು ನೆನಪಿನಲ್ಲಿಡಬೇಕು.

ಶಬ್ದದ ಅಜ್ಞಾನಕ್ಕೆ ತೆರಬೇಕಾದ ಬೆಲೆ ಇನ್ನೂ ಕಠೋರವಾಗಿರಬಹುದು. ನೆರೆ ಬಂದಾಗ ನದಿಯು ಹರಡಿಕೊಳ್ಳುವ ಬಯಲಿಗೆ ಪ್ರವಾಹದ ಬಯಲೆಂದು ಹೆಸರು. ಮಹಾರಾಷ್ಟ್ರದಲ್ಲಿ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕೆ ನೀಲಿ ರೇಖೆಯನ್ನೂ 100 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕೆ ಕೆಂಪು ರೇಖೆಯನ್ನೂ ಗುರುತಿಸುತ್ತಾರೆ. 2025ರ ಮೇ ತಿಂಗಳಿನಲ್ಲಿ ನಮ್ಮ ನೆರೆಯ ಚಿಖಲಿಯಲ್ಲಿ, ಇಂದ್ರಾಯಣಿಯ ನೀಲಿ ರೇಖೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಂತೆ ಕೆಡವಲಾಯಿತು. ಜೀವಮಾನದ ಗಳಿಕೆಯನ್ನು ಸುರಿದವರ ಕಣ್ಣೀರನ್ನು ನೆನೆದರೆ ಎದೆ ಭಾರವಾಗುತ್ತದೆ. ಮಾರಿದವರದೂ ಅನುಮತಿ ಕೊಡುವವರದೂ ಹೊಣೆ ದೊಡ್ಡದು, ನಿಜ, ಆದರೆ ಕೊಳ್ಳುವ ಮುನ್ನ "ಇದು ನದಿಯ ಬಯಲೇ?" ಎಂದು ಕೇಳುವ ಒಂದು ಪ್ರಶ್ನೆ ನಮ್ಮ ಬಾಯಲ್ಲಿಯೂ ಇರಬೇಡವೇ?

"ಇದನ್ನೆಲ್ಲ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ, ಕನ್ನಡದಲ್ಲಿ ಮತ್ತೇಕೆ?" ಎಂಬ ಆಕ್ಷೇಪಣೆ ಬರಬಹುದು. ಶಾಲೆಯ ಶಬ್ದ ಪುಸ್ತಕದಲ್ಲಿ ಉಳಿಯುತ್ತದೆ. ಮನೆಯ ಶಬ್ದ ಕಣ್ಣಿಗೆ ಅಂಟುತ್ತದೆ. ಜಲವಿಭಾಜಕದಂಥ ಸಂಸ್ಕೃತ ಪದಗಳು ಭಾರವೆನಿಸಿದರೆ ನಮ್ಮ ಹಿರಿಯರ ಬಳಿ ದಿಣ್ಣೆ, ಹಳ್ಳ, ಕೊಳ್ಳ, ಮಡು, ನೆರೆ, ಎರೆ, ಮಸಾರಿ ಎಂಬ ಮಾತುಗಳಿವೆ. ನೆರೆಯ ಮರಾಠಿ ಬಾಂಧವರ ಪಾಣಲೋಟ, ಖೋರೆ ಎಂಬ ಪದಗಳನ್ನೂ ಜೊತೆಗೆ ಕಲಿಯೋಣ. ಒಂದೇ ನೀರು ಕುಡಿಯುವವರ ಮಾತುಗಳು ಒಂದರೊಡನೊಂದು ಬೆರೆತರೆ ನಷ್ಟವೇನಿಲ್ಲ.

ಆದ್ದರಿಂದ ನಮ್ಮ ಸಂಘಕ್ಕೆ ನನ್ನದೊಂದು ವಿನಂತಿ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲಿನ ಒಂದು ಭಾನುವಾರ ಮಕ್ಕಳನ್ನೂ ಅಜ್ಜ-ಅಜ್ಜಿಯರನ್ನೂ ಒಟ್ಟಿಗೆ ದುರ್ಗಾ ಟೇಕಡಿಗೆ ಕರೆದೊಯ್ದು, ಅಲ್ಲಿಂದ ರಾವೇತದ ಪವನಾ ದಂಡೆಯವರೆಗೆ ಹೋಗಿಬರೋಣ. ನೀರು ಹರಿಯುವುದನ್ನು ಮಕ್ಕಳು ನೋಡಲಿ; ಅದರ ಹೆಸರನ್ನು ಹಿರಿಯರು ಹೇಳಲಿ. ಇದಕ್ಕೆ ದೇಣಿಗೆಯೂ ಬೇಡ, ಸಭಾಂಗಣವೂ ಬೇಡ. ಮುಂದಿನ ವರ್ಷ ಅದೇ ಹುಡುಗನನ್ನು ಅದೇ ಪ್ರಶ್ನೆ ಕೇಳಿದಾಗ, "ಭೀಮೆಗೆ ಹೋಗ್ತದ ಕಾಕಾ, ಅಲ್ಲಿಂದ ನಮ್ಮೂರಿಗೆ" ಎಂದರೆ ನಮ್ಮ ಶ್ರಮ ಸಾರ್ಥಕ.