ಹಳೆಯ ಕಯಾಕ್ ಮತ್ತು ನಮ್ಮ ಬಿಸಿಲು

ಬಸವಕಲ್ಯಾಣದ ತ್ರಿಪುರಾಂತ ಕೆರೆಗಾಗಲಿ, ಹುಮನಾಬಾದಿಗೆ ಸಮೀಪದ ಕಾರಂಜಾ ಜಲಾಶಯಕ್ಕಾಗಲಿ, ಕಡಲಲ್ಲಿ ಬಳಸಿದ ಕಯಾಕ್ ಎಂಬ ಕಿರುದೋಣಿಯನ್ನು ಅಗ್ಗವಾಗಿ ಕೊಂಡು ತರುವುದು ಅನುಚಿತವಲ್ಲ. ಆದರೆ ಬೆಲೆಗಿಂತ ಮೊದಲು ಅದರ ಒಡಲು ಯಾವುದರಿಂದಾದುದೆಂದು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಉತ್ತರಧ್ರುವದ ಕಡೆಯವರು ಮರ ಅಥವಾ ಮೂಳೆಯ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಕಯಾಕನ್ನು ಕಟ್ಟಿದರು. ತುಂಗಭದ್ರೆಯ ನಮ್ಮವರು ಬಿದಿರಿಗೆ ಚರ್ಮವನ್ನು ಹೊದಿಸಿ ಹರಿಗೋಲನ್ನು ಹೆಣೆದರು. ಇಂದಿನ ಕಯಾಕುಗಳು ಬಹುಮಟ್ಟಿಗೆ ಗಾಜಿನ ನಾರಿನವು ಇಲ್ಲವೆ ಪಾಲಿಎಥಿಲೀನಿನವು. ಗಾಜಿನ ನಾರಿನ ಬಿರುಕನ್ನು ಹೊಸ ನಾರು ಮತ್ತು ರಾಳದಿಂದ ಮುಚ್ಚಬಹುದು. ಪಾಲಿಎಥಿಲೀನಿಗೆ ಸಾಮಾನ್ಯ ಅಂಟು ಹಿಡಿಯದು; ಕಾಯಿಸಿ ಬೆಸೆಯಬೇಕು. ಅದೂ ಅಲ್ಲದೆ, ಬಿಸಿಲಿನ ಅತಿನೇರಳೆ ಕಿರಣಗಳು ಅದರ ನೀಳವಾದ ಅಣುಸರಪಳಿಗಳನ್ನು ಕ್ರಮೇಣ ತುಂಡರಿಸುತ್ತವೆ. ಬಣ್ಣ ಮಾಸುತ್ತದೆ, ಬಾಗಬೇಕಾದ ಒಡಲು ಸೀಳುತ್ತದೆ. ಅಂಥದನ್ನು ಧರ್ಮಕ್ಕೆ ಕೊಟ್ಟರೂ ತರಬಾರದು.

ಎರಡು ತುದಿಗಳ ಗಾಳಿಗೂಡುಗಳಿಗೆ ನೀರು ನುಗ್ಗುವುದೋ ಎಂಬುದನ್ನೂ ಪರೀಕ್ಷಿಸಬೇಕು. ದೋಣಿ ಮಗುಚಿದಾಗ ಅದನ್ನು ತೇಲಿಸಿ ಸವಾರನಿಗೆ ಆಸರೆಯಾಗುವುದು ಆ ಗಾಳಿಯೇ.

ನಮ್ಮ ಕೆರೆಗಳಲ್ಲಿ ಉಪ್ಪುನೀರಿನ ಕಾಟವಿಲ್ಲ. ಬೇಸಿಗೆಯ ಬಿಸಿಲಿನ ಕಾಟ ಮಾತ್ರ ವಿಪರೀತ. ಆದುದರಿಂದ ದೋಣಿಯನ್ನು ಕೊಳ್ಳುವ ಮೊದಲು ಅದಕ್ಕೊಂದು ನೆರಳಿನ ಚಪ್ಪರವನ್ನು ಹಾಕಿಸುವುದೇ ವಿವೇಕ.